ಸ್ಟೇರಿಂಗ್ ಹಗುರ ಮಾಡುವ ಚಿಕ್ಕಸ್ವಾಮಿ

ಸೋಮವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಒಂದು ಬಿಳಿ ಗಾಡಿ ಜಾಕಿನ ಮೇಲೆ ಮುಖ ಎತ್ತಿ ನಿಂತಿದೆ. ಅದರ ಮುಂದಿನ ಚಕ್ರಗಳು ನೆಲ ಮುಟ್ಟುತ್ತಿಲ್ಲ. ಚಿಕ್ಕಸ್ವಾಮಿ ಬಾನೆಟ್ಟಿನೊಳಗೆ ತಲೆ ಹಾಕಿ, ಸ್ಟೇರಿಂಗ್ ಎಣ್ಣೆಯ ಕರಿ ಬುಡ್ಡಿಯ ಮುಚ್ಚಳ ತಿರುಗಿಸಿ ತೆಗೆಯುತ್ತಾರೆ. ಕಿರುಬೆರಳು ಅದ್ದಿ ಬೆಳಕಿಗೆ ಹಿಡಿದು ನೋಡುತ್ತಾರೆ. ಕೆಂಪಗಿರಬೇಕಾದ ಎಣ್ಣೆ, ಮಕ್ಕಳು ಇಷ್ಟಪಟ್ಟು ಕುಡಿಯುವ ರೋಸ್ ಮಿಲ್ಕಿನ ಹಾಗೆ ನೊರೆನೊರೆಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿದೆ.

“ಮತ್ತೆ ನೀರು ಸೇರೈತೆ ಕಣ್ಲಾ ಮಾದು.”

ಪಕ್ಕದಲ್ಲಿ ನಿಂತ ಡ್ರೈವರ್ ಮಾದುವಿನ ಮುಖ ಇಳಿಯುತ್ತದೆ. “ಇನ್ನೊಂದ್ಸಲ ನೋಡಣ್ಣಾ.”

“ನೋಡ್ತಾನೇ ಇದ್ರೆ ನೀರು ಎಣ್ಣೆ ಆಯ್ತದೇನ್ಲಾ?”

ಬೈದ ಹಾಗೆ ಕೇಳಿಸಿದರೂ ಚಿಕ್ಕಸ್ವಾಮಿಯ ಕೈ ಆಗಲೇ ಪೈಪು ಕಳಚಲು ಹೊರಟಿದೆ.

ಈ ಗಾಡಿ ಹುಲ್ಲಹಳ್ಳಿಯ ಬೆಲ್ಲದ ವ್ಯಾಪಾರಿ ಶಿವಮಲ್ಲಪ್ಪನವರದು. ಸ್ಟೇರಿಂಗ್ ಬಿಗಿಯಾಯಿತೆಂದು ಇದು ಇಲ್ಲಿಗೆ ಬರುತ್ತಿರುವುದು ಮೂರನೇ ಸಲ. ಹಿಂದಿನ ಎರಡು ಸಲವೂ ಹಳೇ ಎಣ್ಣೆ ಇಳಿಸಿ ಹೊಸದು ತುಂಬಿ ಕಳಿಸಿದ್ದಾರೆ. ಕೆಲವೇ ವಾರಗಳಲ್ಲಿ ಮತ್ತೆ ಅದೇ ನೊರೆ, ಮತ್ತೆ ಅದೇ ಭಾರ. ಶಿವಮಲ್ಲಪ್ಪನವರಿಗೆ ಸಾಕಾಗಿದೆ. “ಈ ಸಲವೂ ಕೆಟ್ಟರೆ ಪವರ್ ಸ್ಟೇರಿಂಗ್ ಕಿತ್ತುಹಾಕಿ ಸಾದಾದು ಕೂರಿಸಿಬಿಡು” ಎಂದು ಹೇಳಿ ಕಳಿಸಿದ್ದಾರೆ. ನರಸೀಪುರದ ಕೆಲಸ ಮುಗಿಸಿ ಬೆಳಗಿನ ಬಸ್ಸಿಗೆ ಅವರೇ ಇಲ್ಲಿಗೆ ಬರುವವರಿದ್ದಾರೆ.

ಹಾಗೆ ಪವರ್ ತೆಗೆಸುವವರು ಈ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಪಂಪು, ಬೆಲ್ಟು, ಎಣ್ಣೆ ಯಾವುದರ ರಗಳೆಯೂ ಇರುವುದಿಲ್ಲ. ಡ್ರೈವರು ತೋಳಿಗೆ ಸ್ವಲ್ಪ ಜಾಸ್ತಿ ಬಲ ಕೊಟ್ಟು ತಿರುಗಿಸಿದರಾಯಿತು. ಆದರೆ ಮಾದುವಿಗೆ ಆ ಬಲವಿಲ್ಲ. ಹುಡುಗನಾಗಿದ್ದಾಗ ಊರಿನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತ ಎಡಗೈ ಸಿಕ್ಕಿಕೊಂಡಿತ್ತು. ಮೂಳೆ ಕೂಡಿಕೊಂಡರೂ ಮೊಣಕೈ ನೆಟ್ಟಗಾಗಲಿಲ್ಲ, ಅಂಗೈ ಮೇಲ್ಮುಖ ತಿರುಗುವುದೇ ಇಲ್ಲ. ಗೇರು ಹಾಕುವುದಕ್ಕೆ ಅಡ್ಡಿಯಿಲ್ಲ. ಪವರ್ ಇರುವುದರಿಂದ ಬಲಗೈ ಒಂದರಲ್ಲೇ ಗಾಡಿಯನ್ನು ಹೂವಿನಂತೆ ತಿರುಗಿಸುತ್ತಾನೆ. ಸದಾ ತುಂಬುತೋಳಿನ ಅಂಗಿ ಹಾಕುವುದರಿಂದ ಯಜಮಾನರ ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ಗೊತ್ತಿರುವುದು ಚಿಕ್ಕಸ್ವಾಮಿಗೆ ಮಾತ್ರ. ಪವರ್ ಹೋದ ದಿನವೇ ಮಾದುವಿನ ಕೆಲಸವೂ ಹೋಗುತ್ತದೆ.

“ಇವ್ನು ಗಾಡಿ ತಿರುಗ್ಸೋದು ನೋಡೇ ನಂಗೆ ಗೊತ್ತಾಗೋಯ್ತು ಕಣಕ್ಕ,” ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಚಿಕ್ಕಸ್ವಾಮಿ. “ಸ್ಟೇರಿಂಗ್ ಇಡ್ಕೊಂಡವ್ನ ಭುಜ ನೋಡೋದು ನಂಗೆ ಚಿಕ್ಕಂದಿನ ಚಾಳಿ.”

ಆ ಚಾಳಿಗೆ ಕಾರಣವಿದೆ. ಚಿಕ್ಕಸ್ವಾಮಿಯ ಊರು ಹದಿನಾರು ಎಂಬ ಹಳ್ಳಿ. ತಂದೆ ಮಾರಯ್ಯ ಲಾರಿ ಓಡಿಸುತ್ತಿದ್ದರು. ಲೋಡು ಹೊತ್ತ ಲಾರಿಯನ್ನು ತಿರುವಿನಲ್ಲಿ ತಿರುಗಿಸುವುದೆಂದರೆ ಆ ಕಾಲಕ್ಕೆ ಸೀಟಿನಿಂದ ಅರ್ಧ ಎದ್ದು ಮೈಭಾರವನ್ನೆಲ್ಲ ಹಾಕುವುದು. ಮನೆಗೆ ಬಂದ ಗಂಡನ ಭುಜಕ್ಕೆ ತಾಯಿ ಬಟ್ಟೆಯಲ್ಲಿ ಬಿಸಿ ಉಪ್ಪು ಕಟ್ಟಿ ಶಾಖ ಕೊಡುತ್ತಿದ್ದರು. “ನಮ್ಮಪ್ಪ ಊಟಕ್ಕೆ ಕುಂತ್ರೆ ಕೈ ಬಾಯಿಗೆ ಎಟುಕ್ತಿರ್ಲಿಲ್ಲ. ಬಗ್ಗಿ ತಟ್ಟೆ ತಾವ್ಕೇ ಬಾಯಿ ತರೋದು,” ಎಂದು ಹೇಳುತ್ತ ಚಿಕ್ಕಸ್ವಾಮಿ ತಾವೇ ಬಗ್ಗಿ ತೋರಿಸುತ್ತಾರೆ. ನಗುತ್ತಲೇ ತೋರಿಸುತ್ತಾರೆ. ನೋಡುವವರಿಗೆ ನಗು ಬರುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನರಸೀಪುರದ ಲಾರಿ ಶೆಡ್ಡೊಂದಕ್ಕೆ ಸೇರಿದರು. ತೊಂಬತ್ತೈದು, ತೊಂಬತ್ತಾರರ ಸುಮಾರಿಗೆ ಮದುವೆ ದಿಬ್ಬಣದ ಕಾರೊಂದು ಕಪಿಲಾ ಸೇತುವೆಯ ಹತ್ತಿರ ನಿಂತುಹೋಯಿತು. ಅದನ್ನು ಸರಿಮಾಡಿ ಪಕ್ಕಕ್ಕೆ ನಿಲ್ಲಿಸಲು ಸ್ಟೇರಿಂಗ್ ಹಿಡಿದಾಗ ಅವರಿಗೆ ಮೊದಲ ಬಾರಿಗೆ ಪವರ್ ಸ್ಟೇರಿಂಗಿನ ಪರಿಚಯವಾಯಿತು. “ಬೆಣ್ಣೇಲಿ ಬೆರಳಾಡ್ಸಿದಂಗಾಯ್ತು. ಇದು ನಮ್ಮಪ್ಪಂಗೆ ಸಿಕ್ಕಿದ್ರೆ ಅನ್ನುಸ್ತು.” ಅಲ್ಲಿಂದ ಅವರ ಮನಸ್ಸು ಇದೊಂದರ ಮೇಲೇ ನಿಂತಿತು. ಮೈಸೂರಿನ ಶೆಡ್ಡುಗಳಲ್ಲಿ ಕೂತು ಕೆಲಸ ನೋಡಿದರು, ಗುಜರಿಯಿಂದ ಹಳೇ ಪಂಪುಗಳನ್ನು ತಂದು ಬಿಚ್ಚಿ ಕೂಡಿಸಿದರು. ಈಗ ಸುತ್ತಿನ ಯಾವ ಹಳ್ಳಿಯ ಗಾಡಿಯ ಸ್ಟೇರಿಂಗ್ ಬಿಗಿಯಾದರೂ ಇಲ್ಲಿಗೇ ಬರುತ್ತದೆ. ದಿನಕ್ಕೆ ಮೂರೋ ನಾಲ್ಕೋ ಗಾಡಿ. ಬೋರ್ಡಿಲ್ಲ. ಊರಿನವರನ್ನು ಕೇಳಿದರೆ, ತಾಂಡವಪುರದ ಕಡೆಯವರೂ ಬೆರಳು ಮಾಡಿ ಇದೇ ದಿಕ್ಕು ತೋರಿಸುತ್ತಾರೆ.

ಬಂದವರಿಗೆಲ್ಲ ಅವರು ಹೇಳುವ ಮಾತುಗಳು ಸರಳ. ವಾರಕ್ಕೊಮ್ಮೆ ಬುಡ್ಡಿಯ ಮುಚ್ಚಳ ತೆಗೆದು ಎಣ್ಣೆ ಗೆರೆಯವರೆಗೆ ಇದೆಯೇ ನೋಡಿ. ಕಪ್ಪಾಗಿದ್ದರೆ ಬದಲಿಸಿ. ಕಡಿಮೆಯಾಗುತ್ತಿದ್ದರೆ ಸುಮ್ಮನೆ ತುಂಬಬೇಡಿ, ಎಲ್ಲಿ ಸೋರುತ್ತಿದೆ ಹುಡುಕಿ. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಹಾಗೇ ಅದುಮಿ ಹಿಡಿಯಬೇಡಿ, ಪಂಪಿಗೆ ಉಸಿರು ಕಟ್ಟುತ್ತದೆ. ಬ್ರೇಕ್ ಆಯಿಲನ್ನಂತೂ ಹಾಕಲೇಬೇಡಿ. “ಎರಡೂ ಎಣ್ಣೇನೇ ಅಲ್ವಾ ಅಂತಾರೆ. ಹರಳೆಣ್ಣೇಲಿ ಬೋಂಡ ಕರೀತೀರಾ? ಒಳಗಿರೋ ರಬ್ಬರು ಊದ್ಕಂಡು ಹಾಳಾಯ್ತದೆ.”

ಅಷ್ಟು ಹೊತ್ತಿಗೆ ಹೆಂಡತಿ ರಾಚಮ್ಮ ರಾಗಿರೊಟ್ಟಿ, ಕಾಯಿಚಟ್ನಿ ತರುತ್ತಾರೆ. ಮನೆ ಶೆಡ್ಡಿನ ಹಿಂದೆಯೇ. ಬಾನೆಟ್ಟಿನೊಳಗಿರುವ ಗಂಡನ ಬೆನ್ನಿಗೆ ಹೇಳುತ್ತಾರೆ, “ನಾಡಿ ನೋಡಿದ್ದು ಸಾಕು ಬನ್ನಿ ಡಾಕ್ಟ್ರೇ. ರೊಟ್ಟಿ ತಣ್ಣಗಾದ್ರೆ ಅದ್ಕೂ ಪವರ್ ಬೇಕಾಯ್ತದೆ ಅಗಿಯಾಕೆ.”

ಚಿಕ್ಕಸ್ವಾಮಿಗೆ ಇವತ್ತು ರೊಟ್ಟಿ ಬೇಡ. ಎಣ್ಣೆ ವಾಪಸ್ ಬರುವ ಪೈಪನ್ನು ಕಳಚಿ ಬಾಟಲಿಗೆ ಇಳಿಬಿಟ್ಟಿದ್ದಾರೆ. ಕೆಟ್ಟ ಎಣ್ಣೆ ಮಜ್ಜಿಗೆಯಂತೆ ಗುಳುಗುಳು ಇಳಿಯುತ್ತಿದೆ.

“ನಿಜ ಹೇಳ್ಲಾ. ನಾಲೇಲಿ ಗಾಡಿ ತೊಳೀವಾಗ ಬಾನೆಟ್ ತಗುದು ನೀರು ಎರಚ್ತೀಯಾ?”

“ನಂಜುಂಡಪ್ಪನಾಣೆ ಇಲ್ಲಣ್ಣಾ. ಬಾನೆಟ್ ಮುಚ್ಚೇ ತೊಳಿಯೋದು. ನನ್ನ ಹೊಟ್ಟೆಪಾಡು ಐತೆ ಇದ್ರಲ್ಲಿ, ನಾನು ಎರಚ್ತೀನಾ?”

“ಮತ್ತೆಲ್ಲಿಂದ ಬತ್ತದೆ ನೀರು? ರೇಡಿಯೇಟರ್‌ಗೂ ಇದ್ಕೂ ಸಂಬಂಧಾನೇ ಇಲ್ಲ. ಮುಚ್ಚಳ ಭದ್ರವಾಗೈತೆ. ಪೈಪು ಹೊಸದು.”

ಬುಡ್ಡಿಯನ್ನೇ ಬಿಚ್ಚಿ ತೊಳೆಯುತ್ತಾರೆ. ತಳದಲ್ಲಿ ಟೀ ಸೋಸುವ ಜಾಲರಿಯಂಥದೊಂದು ಇದೆ. ಅದರ ಮೂಲೆಯಲ್ಲಿ ಏನೋ ಅಂಟಿಕೊಂಡಿದೆ. ಚಿಮುಟದಿಂದ ಎತ್ತಿ ಅಂಗೈ ಮೇಲಿಟ್ಟುಕೊಳ್ಳುತ್ತಾರೆ. ಉಗುರಿನಷ್ಟು ಅಗಲದ, ಎಣ್ಣೆ ಕುಡಿದು ಕಪ್ಪಾದ ಎಲೆಯ ಚೂರು. ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದ ರಾಚಮ್ಮ ಬಗ್ಗಿ ನೋಡುತ್ತಾರೆ.

“ಇದೇನ್ರೀ, ಬಿಲ್ವಪತ್ರೆ!”

“ಬಿಲ್ವಪತ್ರೆ ಯಾಕೆ ಬತ್ತದೆ ಇಲ್ಲಿಗೆ?”

“ನನ್ನ ಕೇಳಿದ್ರೆ? ದಿನಾ ಪೂಜೆಗೆ ಇಡೋಳಿಗೆ ಪತ್ರೆ ಗುರ್ತು ಸಿಕ್ಕಕಿಲ್ವಾ?”

ಗಾಡಿಯಲ್ಲಿ ದೇವಸ್ಥಾನಕ್ಕೆ ಹೋಗುವವರು ಯಾರು ಎಂಬುದು ಮಾದುವಿಗೆ ಗೊತ್ತು. ಶಿವಮಲ್ಲಪ್ಪನವರ ತಾಯಿ ರುದ್ರಮ್ಮ, ಎಪ್ಪತ್ತು ದಾಟಿದವರು, ಪ್ರತಿ ಸೋಮವಾರ ಬೆಳಗಿನ ಜಾವವೇ ನಂಜುಂಡೇಶ್ವರನ ದರ್ಶನಕ್ಕೆ ಬರುತ್ತಾರೆ. ಇವತ್ತೂ ಅವರನ್ನು ಗುಡಿಯ ಮುಂದೆ ಇಳಿಸಿಯೇ ಮಾದು ಇಲ್ಲಿಗೆ ಬಂದಿದ್ದಾನೆ. ಪೂಜೆ ಮುಗಿದ ಮೇಲೆ ಬಾನೆಟ್ ತೆಗೆಸಿ ಎಂಜಿನ್ನಿಗೆ ವಿಭೂತಿ ಹಚ್ಚುವುದು ಅವರ ಪದ್ಧತಿ. ಆ ಹೊತ್ತಿಗೆ ಮಾದು ಅವರ ಚಪ್ಪಲಿ ತರಲು ಹೋಗಿರುತ್ತಾನೆ.

ಬುಡ್ಡಿಯನ್ನು ಮತ್ತೆ ಕೂರಿಸಿ ಹೊಸ ಎಣ್ಣೆ ತುಂಬುತ್ತಿರುವಾಗಲೇ ಒಂದು ಆಟೋ ಬಂದು ನಿಲ್ಲುತ್ತದೆ. ಹಣೆತುಂಬ ವಿಭೂತಿ, ಕೈಯಲ್ಲಿ ಪತ್ರೆ ತೇಲುವ ತೀರ್ಥದ ಹಿತ್ತಾಳೆಯ ಗಿಂಡಿ. ರುದ್ರಮ್ಮ ಇಳಿದವರೇ, “ಎಷ್ಟೊತ್ಲಾ ಮಾದು, ಕಾದೂ ಕಾದೂ ಸಾಕಾಯ್ತು,” ಎನ್ನುತ್ತ ಯಾರನ್ನೂ ಕೇಳದೆ ತೆರೆದ ಬಾನೆಟ್ಟಿನ ಹತ್ತಿರ ಬರುತ್ತಾರೆ. ವಿಭೂತಿಯ ಬೆರಳನ್ನು ಎಂಜಿನ್ನಿಗೆ ಒತ್ತುತ್ತಾರೆ. ಆಮೇಲೆ ಗಿಂಡಿಯಿಂದ ಒಂದು ಉದ್ಧರಣೆ ತೀರ್ಥ ತೆಗೆದು, ಮುಚ್ಚಳವಿಲ್ಲದ ಕರಿ ಬುಡ್ಡಿಯ ಕಡೆಗೆ ಕೈ ಚಾಚುತ್ತಾರೆ.

ಚಿಕ್ಕಸ್ವಾಮಿ ತಟ್ಟನೆ ಬುಡ್ಡಿಯ ಬಾಯಿಗೆ ತಮ್ಮ ಅಂಗೈ ಅಡ್ಡ ಇಡುತ್ತಾರೆ.

“ಅವ್ವಾ, ಇದ್ಕೆ ಬ್ಯಾಡಿ.”

“ಯಾಕಪ್ಪಾ? ಸೋಮವಾರ ಸೋಮವಾರ ಆಕ್ತೀನಲ್ಲ. ಮಾದು ಗಾಡಿ ಹತ್ತೋಕೆ ಮುಂಚೆ ಇದ್ರ ಮುಚ್ಚಳ ತಗ್ದು ಭಕ್ತೀಲಿ ಇಣುಕಿ ನೋಡ್ತಾನೆ. ಗಾಡಿ ಜೀವ ಇದ್ರೊಳಗೇ ಐತೆ ಅಂದ್ಕಂಡೆ.”

ಎಣ್ಣೆ ನೋಡು ಎಂದು ಮಾದುವಿಗೆ ಕಲಿಸಿದ್ದು ಚಿಕ್ಕಸ್ವಾಮಿಯೇ. ಅವನು ಕಲಿತದ್ದನ್ನು ಚಾಚೂತಪ್ಪದೆ ಮಾಡಿದ್ದಾನೆ, ಅಜ್ಜಿ ಅದನ್ನು ಪೂಜೆಯೆಂದು ತಿಳಿದಿದ್ದಾರೆ. ರಾಚಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಂದಕ್ಕೆ ತಿರುಗುತ್ತಾರೆ. ಚಿಕ್ಕಸ್ವಾಮಿ ಮಾತ್ರ ನಗುವುದಿಲ್ಲ.

“ಅವ್ವಾ, ಬಾಣಲೇಲಿ ಕಾದಿರೋ ಎಣ್ಣೆಗೆ ನೀರು ಬಿದ್ರೆ ಏನಾಯ್ತದೆ?”

“ಚಟಪಟ ಸಿಡೀತದೆ.”

“ಇಲ್ಲಿ ಸಿಡಿಯಕ್ಕೆ ಜಾಗ ಇಲ್ಲ. ನೊರೆ ಕಟ್ಕಂಡು ಒಳಗೇ ಒದ್ದಾಡ್ತದೆ. ಸ್ಟೇರಿಂಗು ಕಲ್ಲಾಯ್ತದೆ.”

ರುದ್ರಮ್ಮ ಉದ್ಧರಣೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. “ಹಂಗಾರೆ ಇಷ್ಟು ದಿನ ಕೆಡಿಸ್ತಿದ್ದೋಳು ನಾನೇನಾ? ನನ್ನ ಮಗ ಇವ್ನಿಗೆ ಬೈದ್ನಲ್ಲಪ್ಪ, ಗಾಡಿ ನೋಡ್ಕಳಕ್ಕೆ ಬರಕಿಲ್ಲ ಅಂತ.”

“ಒಳ್ಳೇದಾಗ್ಲಿ ಅಂತ್ಲೇ ಆಕಿದ್ರಿ ಬುಡಿ. ಕೊಡೋ ಜಾಗ ಒಸಿ ಅತ್ಲಾಗಾಯ್ತು. ತೀರ್ಥವ ಗಾಡಿ ತಿರುಗ್ಸೋ ಕೈಗೆ ಕೊಡಿ.”

ರುದ್ರಮ್ಮ ಮಾದುವಿನ ಕಡೆಗೆ ತಿರುಗುತ್ತಾರೆ. ಮಾದು ಬಲಗೈ ಒಡ್ಡುತ್ತಾನೆ.

“ಎಡಗೈ ಕೆಳಗೆ ಕೊಡ್ಲಾ. ತೀರ್ಥ ಚೆಲ್ಲೋಯ್ತದೆ.”

ಅವನು ಎಡಗೈ ಎತ್ತುತ್ತಾನೆ. ಅದು ಅರ್ಧಕ್ಕೇ ನಿಲ್ಲುತ್ತದೆ. ಅಂಗೈ ನೆಲವನ್ನೇ ನೋಡುತ್ತದೆ. ಇನ್ನೊಮ್ಮೆ ಪ್ರಯತ್ನಿಸಿ ಸೋಲುತ್ತಾನೆ. “ಬರಕಿಲ್ಲ ಕಣವ್ವಾ. ಚಿಕ್ಕೋನಿದ್ದಾಗ ಗಾಣಕ್ಕೆ ಸಿಕ್ಕಿತ್ತು,” ಎನ್ನುತ್ತಾನೆ, ಅವರ ಮುಖ ನೋಡದೆ.

ರುದ್ರಮ್ಮ ಗಿಂಡಿಯನ್ನು ರಾಚಮ್ಮನ ಕೈಗೆ ಕೊಟ್ಟು, ತಮ್ಮ ಎಡಗೈಯನ್ನೇ ಅವನ ಬಲ ಅಂಗೈಯ ಕೆಳಗೆ ಆಸರೆಯಾಗಿ ಹಿಡಿದು ತೀರ್ಥ ಬಿಡುತ್ತಾರೆ. ಒಂದು ಹನಿಯೂ ಚೆಲ್ಲುವುದಿಲ್ಲ.

ಬಸ್ಸಿಳಿದು ರಸ್ತೆ ದಾಟಿ ಬಂದ ಶಿವಮಲ್ಲಪ್ಪನವರ ಕಣ್ಣಿಗೆ ಬಿದ್ದದ್ದು ಇದು. “ಇದೇನವ್ವ, ಶೆಡ್ಡಲ್ಲೇ ಪೂಜೆ? ಏನ್ ಚಿಕ್ಕಸ್ವಾಮಿ, ಪವರ್ ತೆಗೆದ್ಯಾ?”

ಚಿಕ್ಕಸ್ವಾಮಿ ಬಾಯಿ ತೆರೆಯುವ ಮೊದಲೇ ರುದ್ರಮ್ಮ, “ಅದ್ರೊಳಕ್ಕೆ ನೀರು ಹುಯ್ತಿದ್ದೋಳು ನಾನು ಕಣಪ್ಪ. ಬೈಯ್ಯೋದಾದ್ರೆ ನನ್ನ ಬೈಯಿ,” ಎಂದುಬಿಡುತ್ತಾರೆ.

“ನೀನಾ?” ಎಂದವರು ತಾಯಿಯ ಗಿಂಡಿಯನ್ನೂ ಬುಡ್ಡಿಯನ್ನೂ ನೋಡಿ ಹಣೆ ಚಚ್ಚಿಕೊಂಡು ನಗುತ್ತಾರೆ. “ಸದ್ಯ, ಡೀಸೆಲ್ ಟ್ಯಾಂಕಿಗೆ ಪಂಚಾಮೃತ ಹಾಕ್ಲಿಲ್ವಲ್ಲ!”

ಮಾದು ನಗುವುದಿಲ್ಲ. ಅಂಗಿಯ ತೋಳು ಮಡಿಸಿ ಮೊಣಕೈ ತೋರಿಸುತ್ತಾನೆ. “ಯಜಮಾನ್ರೇ, ಇವತ್ತು ಹೇಳ್ಬುಡ್ತೀನಿ. ಸಾದಾ ಸ್ಟೇರಿಂಗ್ ಆದ್ರೆ ನನ್ ಕೈಲಿ ಓಡ್ಸಕ್ಕಾಗಕಿಲ್ಲ. ಕೆಲ್ಸ ಓಯ್ತದೆ ಅಂತ ಬಾಯಿ ಮುಚ್ಕಂಡಿದ್ದೆ.”

ಶಿವಮಲ್ಲಪ್ಪನವರ ನಗು ನಿಲ್ಲುತ್ತದೆ. ಅವರು ಆ ಕೈಯನ್ನು ಬಹಳ ಹೊತ್ತು ನೋಡುತ್ತಾರೆ. ಅವರ ಬೆಲ್ಲದ ವ್ಯಾಪಾರದ ಸುತ್ತಮುತ್ತ ಅಂಥ ಕೈಗಳನ್ನು ಅವರು ನೋಡದೇ ಇದ್ದಿರಲಾರರು. “ಈ ಕೈಯಲ್ಲೇನೋ ನನ್ನ ತಾಯೀನ, ಮೊಮ್ಮಕ್ಕಳನ್ನ ಇಷ್ಟು ವರ್ಷ ಕರ್ಕೊಂಡು ಓಡಾಡಿದ್ದು?” ಎಂದು ಕೇಳುತ್ತಾರೆ. ಗದರಿದ್ದೋ ಮರುಗಿದ್ದೋ ಮಾದುವಿಗೆ ತಿಳಿಯುವುದಿಲ್ಲ. ಚಿಕ್ಕಸ್ವಾಮಿಯ ಕಡೆ ತಿರುಗಿ, “ಪವರ್ ಇದ್ರೆ ಇವನು ಓಡಿಸಬಹುದಾ? ನಿಜ ಹೇಳು. ಮಕ್ಕಳು ಕೂರೋ ಗಾಡಿ,” ಎನ್ನುತ್ತಾರೆ.

“ಪವರ್ ಚೆನ್ನಾಗಿದ್ರೆ ಇವನಷ್ಟು ನಯವಾಗಿ ಓಡ್ಸೋರು ಈ ರೋಡಲ್ಲಿಲ್ಲ. ಪವರ್ ಕೆಟ್ರೆ ಓಡಿಸ್ಬಾರ್ದು, ಅಲ್ಲೇ ನಿಲ್ಲಿಸ್ಬೇಕು. ಇವತ್ತೂ ಗುಡಿಯಿಂದ ಇಲ್ಲೀಗಂಟ ನೂಕಾಡ್ಕಂಡು ತಂದವ್ನೆ, ಅದು ತಪ್ಪು. ಇನ್ಮೇಲೆ ಫೋನ್ ಮಾಡ್ಲಿ, ನಾನೇ ಬತ್ತೀನಿ, ಎಲ್ಲಿದ್ರೂ.”

“ಹಂಗಾದ್ರೆ ಪವರ್ ಇರಲಿ.”

ಅಷ್ಟೇ ಮಾತು. ಮಾದು ಮಡಿಸಿದ ತೋಳನ್ನು ಹಾಗೇ ಬಿಡುತ್ತಾನೆ, ಇಳಿಸಿಕೊಳ್ಳುವುದಿಲ್ಲ.

ಇನ್ನು ಉಳಿದಿರುವುದು ಒಳಗಿನ ಗಾಳಿ ಬಿಡಿಸುವ ಕೆಲಸ. ಮಾದು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ನಿಧಾನಕ್ಕೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸುತ್ತಾನೆ. ಮೊದಲು ಎಂಜಿನ್ ನಿಲ್ಲಿಸಿ, ಆಮೇಲೆ ಚಾಲೂ ಮಾಡಿ. ಬುಡ್ಡಿಯಲ್ಲಿ ಗುಳ್ಳೆಗಳು ಏಳುತ್ತವೆ, ಒಡೆಯುತ್ತವೆ, ಕಡಿಮೆಯಾಗುತ್ತವೆ. ಕೊನೆಗೆ ಎಣ್ಣೆ ದಾಸವಾಳದ ಬಣ್ಣಕ್ಕೆ ಬಂದು ತಿಳಿಯಾಗಿ ನಿಲ್ಲುತ್ತದೆ. ಚಿಕ್ಕಸ್ವಾಮಿ ಮುಚ್ಚಳ ಬಿಗಿದು ಜಾಕಿ ಇಳಿಸುತ್ತಾರೆ. ಗಾಡಿ ಅಂಗಳದಲ್ಲೇ ಒಂದು ಸುತ್ತು ಹಾಕಿ, ಸದ್ದಿಲ್ಲದೆ ರಸ್ತೆಗಿಳಿದು ಹುಲ್ಲಹಳ್ಳಿಯ ಕಡೆ ಹೋಗುತ್ತದೆ. ರುದ್ರಮ್ಮ ಈ ಸಲ ಮುಂದಿನ ಸೀಟಿನಲ್ಲಿ ಕೂತಿದ್ದಾರೆ.

ಚಿಕ್ಕಸ್ವಾಮಿ ಈಗ ರೊಟ್ಟಿಯ ತಟ್ಟೆ ಎಳೆದುಕೊಳ್ಳುತ್ತಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಹಳ ಹೊತ್ತು ಅಗಿಯುತ್ತಾರೆ.

“ಮಾದು ಈ ಶೆಡ್ಡಿಗೆ ಬರೋದೇ ಬ್ಯಾಡ ಕಣಕ್ಕ.”

“ಕೇಳುಸ್ಕೊಳ್ಳಿ,” ಎನ್ನುತ್ತಾರೆ ರಾಚಮ್ಮ. “ಗಿರಾಕಿ ಬರೋದು ಬ್ಯಾಡ ಅನ್ನೋ ಮೇಸ್ತ್ರೀನ ಎಲ್ಲಾರಾ ನೋಡಿದ್ದೀರಾ?”

“ಬರ್ಲಿ, ಬ್ಯಾಡ ಅಂದೋರ್ಯಾರು. ಗಾಡಿ ಹೊರಗೆ ನಿಲ್ಸಿ, ಬಾನೆಟ್ ಮುಚ್ಚಿ, ಸುಮ್ನೆ ಒಂದು ಕಾಪಿ ಕುಡ್ಕೊಂಡು ಓಗ್ಲಿ.”