ಹೆಬ್ಬೆಟ್ಟು ಕೊಟ್ಟವಳು ಬಾಗಿಲು ಕೇಳಿದಳು

ನೌಬಾದದ ಶಾಲುಬಾಯಿ ಹುಲ್ಲು ಮಾರಿ ಬದುಕಿದವಳು. ನಸುಕಿಗೇ ಕುಡುಗೋಲು ಹಿಡಿದು ಹೊರಟರೆ ಬಿಸಿಲೇರುವುದರೊಳಗೆ ಬೀದರದ ಟಾಂಗಾ ಅಡ್ಡೆಯಲ್ಲಿ ಅವಳ ಹೊರೆ ಇಳಿದಿರಬೇಕು. ಕುದುರೆಗಳಿಗೆ ಅವಳ ಹೆಜ್ಜೆ ಗೊತ್ತಿತ್ತು, ಟಾಂಗಾದವರಿಗೆ ಅವಳ ಬಾಯಿ. ತವರು ಔರಾದ ತಾಲೂಕಿನ ಡಾಬಕಾ, ಹಾಗಾಗಿ ಬೈಗುಳ ಮರಾಠಿಯಲ್ಲಿ ಬರುತ್ತಿದ್ದವು, ಉಳಿದದ್ದು ಕನ್ನಡದಲ್ಲಿ. ಗಂಡ ಮಾಣಿಕ ಕೆಂಪುಕಲ್ಲಿನ ಗಣಿಯಲ್ಲಿ ಕಲ್ಲು ಕಡಿಯುತ್ತಿದ್ದ. ಇಡೀ ದಿನದಲ್ಲಿ ಹತ್ತು ಮಾತಾಡಿದರೆ ಹೆಚ್ಚು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಇಬ್ಬರೂ ಬೌದ್ಧ ದೀಕ್ಷೆ ತೊಗೊಂಡು ಬಂದು ಗೂಡಿನಲ್ಲಿದ್ದ ಹಳೆಯ ದೇವರುಗಳನ್ನು ಹೊರಗಿಟ್ಟಿದ್ದರು. ಅತ್ತೆ ಎದೆ ಬಡಿದುಕೊಂಡಾಗ, "ಇಷ್ಟ ವರ್ಷ ನಾವು ಅವರ್ನ ನೋಡ್ಕೊಂಡೀವಿ, ಇನ್ನ ತಮ್ಮನ್ನ ತಾವ ನೋಡ್ಕೋಲಿ" ಎಂದವಳು ಈ ಶಾಲುಬಾಯಿ.

ಅವಳಿಗೆ ಇದ್ದದ್ದು ಒಂದೇ ಚಟ. ಶುಕ್ರವಾರ ಮಧ್ಯಾಹ್ನ ಮೂರರ ಆಟ. ಹುಲ್ಲು ಮಾರಿ ಮುಗಿಸಿ, ಟಾಂಗಾ ಅಡ್ಡೆಯ ತೊಟ್ಟಿಯಲ್ಲಿ ಕೈಕಾಲು ತೊಳೆದು, ನೇರ ಝಂಕಾರ ಟಾಕೀಸಿಗೆ. ಅಲ್ಲಿ ಹೆಂಗಸರಿಗೆ ಜನಾನಾ ಅಂತ ಬೇರೆ ಜಾಗವಿತ್ತು. ಓಣಿಯ ಕಡೆಯಿಂದ ಬೇರೆ ಬಾಗಿಲು, ಒಳಗೆ ಆರು ಸಾಲು ಕಟ್ಟಿಗೆಯ ಬಾಕು, ಅಂದರೆ ಬೆಂಚು, ಮುಂದೆ ದಪ್ಪನೆಯ ಪರದೆ. ದೀಪ ಆರಿದ ಮೇಲೆ ಬಾಗಿಲು ಕಾಯುವ ಮುನ್ನಿಬೀ ಪರದೆ ಸರಿಸುತ್ತಿದ್ದಳು, ದೀಪ ಹತ್ತುವ ಮೊದಲು ಎಳೆಯುತ್ತಿದ್ದಳು. ಅಲ್ಲಿ ಬುರ್ಖಾ ತೆಗೆದು ತೊಡೆಯ ಮೇಲಿಟ್ಟುಕೊಳ್ಳಬಹುದಿತ್ತು. ಕೂಸಿಗೆ ಮೊಲೆ ಕೊಡಬಹುದಿತ್ತು. ಬಾಯ್ತುಂಬ ಎಲೆ ಹಾಕಿಕೊಂಡು ಪಿಕ್ಚರಿನ ಅತ್ತೆಗೆ ಕೆಟ್ಟಾ ಕೊಳಕು ಬೈಯಬಹುದಿತ್ತು. ಊರೊಳಗೆ ಶಾಲುಬಾಯಿಯ ನೆರಳಿಗೆ ಸರಿದು ನಿಲ್ಲುವ ಮನೆಯ ಹೆಂಗಸರು ಆ ಬಾಕಿನ ಮೇಲೆ ಅವಳ ಮೊಣಕೈಗೆ ಮೊಣಕೈ ತಾಗಿಸಿ ಕೂತು ಅಳುತ್ತಿದ್ದರು, ಮೂಗನ್ನು ಯಾರ ಸೆರಗಿಗೆ ಒರೆಸಿದೆವೆಂಬ ಎಚ್ಚರವೂ ಇಲ್ಲದೆ. ವಾರದಲ್ಲಿ ಆ ಮೂರು ತಾಸು ಮಾತ್ರ ಅವಳನ್ನು "ಏಳ ಅಲ್ಲಿಂದ" ಎನ್ನುವವರು ಯಾರೂ ಇರಲಿಲ್ಲ.

ಹೊಸ ರಾಜ್ಯ ಬಂತು. ಅದರ ಹಿಂದೆಯೇ ಟಾಕೀಸಿಗೆ ಹೊಸ ಮ್ಯಾನೇಜರ್ ಬಂದ, ಮೈಸೂರು ಕಡೆಯ ಶ್ರೀಕಂಠಯ್ಯ. ಬಿಳಿ ಅಂಗಿ, ತೆಳ್ಳಗಿನ ಮೀಸೆ, ಹೊಸದನ್ನು ಮಾಡಿಯೇ ತೀರುವ ಹುರುಪು. ಎರಡನೆಯ ತಿಂಗಳಿಗೇ ಓಣಿಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ, ಪರದೆ ಬಿಚ್ಚಿಸಿದ, ಬಾಕು ಕಿತ್ತು ಕುರ್ಚಿ ಹಾಕಿಸಿದ. ಭಾಲ್ಕಿ, ಔರಾದಗಳಲ್ಲಿ ಅದೇ ಕಂಪನಿ ನಡೆಸುತ್ತಿದ್ದ ಪಿಕ್ಚರ್ ಡೇರೆಗಳಲ್ಲೂ ಹೆಂಗಸರ ಕಡೆಯ ತಟ್ಟಿ ಹೋಯಿತು. ಮುನ್ನಿಬೀಯ ನೌಕರಿಯೂ ಹೋಯಿತು.

"ನೋಡಮ್ಮ, ಪರದೆಯ ಕಾಲ ಮುಗೀತು. ಗಂಡಸರು ಹೆಂಗಸರು ಒಟ್ಟಿಗೆ ಕೂತು ನೋಡಬೇಕು. ಇದು ಪ್ರಗತಿ" ಎಂದ, ಕೇಳಲು ಹೋದ ಶಾಲುಬಾಯಿಗೆ.

ಪ್ರಗತಿಯನ್ನೂ ಒಂದು ಸಲ ನೋಡೇಬಿಡೋಣವೆಂದು ಮುಂದಿನ ಶುಕ್ರವಾರ ಗಂಡಸರ ನಡುವೆ ಕೂತಳು. ದೀಪ ಆರಿ ಎರಡು ಹಾಡು ಆಗುವಷ್ಟರಲ್ಲಿ ಹಿಂದಿನ ಕುರ್ಚಿಯಿಂದ ಒಂದು ಕೈ ಬಂತು. ಅವಳು ತಿರುಗಿ ಕೂಡ ನೋಡಲಿಲ್ಲ, ಚಪ್ಪಲಿ ತೆಗೆದು ಆ ಕೈಯ ಗೆಣ್ಣಿಗೆ ಬಾರಿಸಿದಳು. ಗದ್ದಲವಾಯಿತು. ಗೇಟಿನವರು ಹೊರಗೆ ಹಾಕಿದ್ದು ಅವಳನ್ನು. ಹೀಗಾದ ಮೇಲೆ ಬುರ್ಖಾದವರೂ ಬರಲಿಲ್ಲ, ಸೆರಗಿನವರೂ ಬರಲಿಲ್ಲ. ಮನೆಯ ಗಂಡಸರು ಬಿಡಲಿಲ್ಲ, ಬಿಟ್ಟವರಿಗೆ ಆ ಕೈಗಳ ಹೆದರಿಕೆ.

ಆಗ ಎದ್ದು ನಿಂತವನು ಮಚ್ಛೇಂದ್ರ. ಭಾಲ್ಕಿಯಲ್ಲಿ ಅರಿವೆ ಅಂಗಡಿ, ಬೀದರದಲ್ಲಿ ಪುಢಾರಿಕೆ. "ನಮ್ಮ ಅಕ್ಕ ತಂಗೇರಿಗೆ ಅಪಮಾನ ಆಗ್ಯಾದ. ಬಾಗಿಲ ತೆಗೀಲಿ, ಈ ಮ್ಯಾನೇಜರನ್ನ ತೆಗೀಲಿ ಅಂತ ಅರ್ಜಿ ಕೊಡೋಣು. ಶಾಲುಬಾಯಿ, ನೀ ಹೆಣ್ಮಕ್ಕಳ ಹೆಬ್ಬೆಟ್ಟ ಕೂಡಿಸಿಕೊಂಡು ಬಾ, ಬಾಕಿದ್ದು ನಂದು" ಎಂದ. ಅರ್ಜಿ ಬರೆಯುವ ಮುರ್ತುಜಾ ಉರ್ದುವಿನಲ್ಲಿ ಬರೆದುಕೊಟ್ಟ. ಓದಲು ಬಾರದ ಶಾಲುಬಾಯಿ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಸಿಯ ಡಬ್ಬಿ ಹಿಡಿದ ಮುನ್ನಿಬೀಯನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿದಳು. ಔರಾದಕ್ಕೆ ಬಸ್ಸು, ಭಾಲ್ಕಿಗೆ ರೈಲು.

ಭಾಲ್ಕಿಯಿಂದ ಬರುವಾಗ ರೈಲಿನಲ್ಲಿ ಎದುರು ಕೂತ ಮುದುಕನೊಬ್ಬ ಅರ್ಜಿಯ ಸಂಗತಿ ತಿಳಿದು ಕೇಳಿದ, "ಯವ್ವಾ, ಪಿಕ್ಚರ್ ನೋಡೋರು ಮ್ಯಾನೇಜರನ ನೌಕರಿ ತೆಗೀರಿ ಅನ್ನಲಿಕ್ಕ ಬರ್ತದೇನು? ಅವ ಏನ ನಿಮ್ಮ ಆಳ?"

"ಅವ ನಮ್ಮ ಟಿಕೀಟಿನ ಮ್ಯಾಲೆ ಉಣ್ತಾನ" ಎಂದಳು ಮುನ್ನಿಬೀ. "ನನ್ನ ನೌಕರಿ ತೆಗೆದಾಗ ಚಹಾ ಕುಡೀಲತ್ತಿದ್ದ, ಕಪ್ಪ ಸೈತ ಕೆಳಗ ಇಡಲಿಲ್ಲ. ಅವಂದೂ ಹೋಗ್ಲಿ, ಗೊತ್ತಾಗ್ತದ."

"ಹೋಗ್ಲಿ ಬಿಡು, ನನಗೇನು ದುಃಖ ಇಲ್ಲ" ಎಂದಳು ಶಾಲುಬಾಯಿ. "ಖರೆ ಮೊದಲ ಬಾಗಿಲ."

ಇನ್ನೂರಾ ಹನ್ನೊಂದು ಹೆಬ್ಬೆಟ್ಟಾದವು. ಕಾಗದ ಮುರ್ತುಜಾನ ಕೈ ಸೇರಿತು.

ನಾಲ್ಕು ದಿನಕ್ಕೆ ಅವಳು ಮುರ್ತುಜಾನ ಮನೆಯ ಆಡುಗಳಿಗೆ ಹುಲ್ಲು ಹಾಕಲು ಹೋದಳು. ಅವನ ಹೆಂಡತಿ ಹಮೀದುನ್ನಿಸಾ ಮನೆಯಲ್ಲೇ ಉರ್ದು ಕಲಿತವಳು, ಜನಾನಾದಲ್ಲಿ ಹಿಂದಿ ಪಿಕ್ಚರಿನ ಚಿಠ್ಠಿ ಓದುವ ದೃಶ್ಯ ಬಂದಾಗಲೆಲ್ಲ ಉಳಿದವರಿಗೆ ಅರ್ಥ ಹೇಳುತ್ತಿದ್ದವಳು. ಅರ್ಜಿಯ ಕರಡು ಕಪಾಟಿನಲ್ಲಿತ್ತು.

"ಒಂದ ಸಲ ಓದ್ರಿ ಆಪಾ, ನಮ್ಮ ಬಾಗಿಲ ಬಗ್ಗಿ ಹ್ಯಾಂಗ ಬರದಾರ ಕೇಳ್ತೇನಿ."

ಹಮೀದುನ್ನಿಸಾ ಓದಿದಳು. ಮ್ಯಾನೇಜರ್ ಹೊರಗಿನವನು. ಈ ಕಡೆಯ ರೀತಿ ರಿವಾಜು ತಿಳಿಯದವನು. ಅವನನ್ನು ಬರ್ತರಫ್ ಮಾಡಿ, ಅಂದರೆ ಕೆಲಸದಿಂದ ಕಿತ್ತು ಹಾಕಿ, ಸ್ಥಳೀಯ ಯೋಗ್ಯ ಗೃಹಸ್ಥನೊಬ್ಬನನ್ನು ನೇಮಿಸಬೇಕು. ಕಾಗದ ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಬಾಗಿಲ?"

"ಬಾಗಿಲ ಇಲ್ಲ ಶಾಲು. ಜನಾನಾ ಅನ್ನೋ ಮಾತ ಇಲ್ಲ."

ಶಾಲುಬಾಯಿಗೆ ಕಿವಿ ಬಿಸಿಯಾಯಿತು. ಸಿಟ್ಟು ಮುರ್ತುಜಾನ ಮೇಲಷ್ಟೇ ಅಲ್ಲ. ಇನ್ನೂರಾ ಹತ್ತು ಹೆಂಗಸರು ಹೆಬ್ಬೆಟ್ಟು ಒತ್ತಿದ್ದು ಅವಳ ಮುಖ ನೋಡಿ, ಅವಳು ಒತ್ತಿದ್ದು ಮಚ್ಛೇಂದ್ರನ ಬಿಳಿ ಧೋತರ ನೋಡಿ. ಅಷ್ಟರಲ್ಲಿ ಮನೆಗೆ ಬಂದ ಮುರ್ತುಜಾನನ್ನು, ಬಾಗಿಲು ಯಾಕೆ ಬರೆಯಲಿಲ್ಲವೆಂದು ಕೇಳಿದಳು.

"ಕಾಗದದಾಗ ಜಾಗಾ ಇರಲಿಲ್ಲವ್ವಾ" ಎಂದ.

"ಎರಡನೂರಾ ಹನ್ನೊಂದ ಹೆಬ್ಬೆಟ್ಟಿಗಿ ಜಾಗಾ ಇತ್ತು, ಒಂದ ಬಾಗಿಲಿಗಿ ಇರಲಿಲ್ಲೇನ್ರಿ?"

"ಮಚ್ಛೇಂದ್ರ ಹೇಳಿದ್ದು ಬರದೀನಿ. ಅವನ ಹೆಂಡತಿ ತಮ್ಮ ಪಂಢರಿ ಮ್ಯಾನೇಜರನ ಕುರ್ಚಿಗಿ ಬರ್ಲತ್ತಾನ. ನಮ್ಮವ ಬಂದ ಅಂದ್ರ ಬಾಗಿಲ ತಾನ ತೆಗೀತದ. ಕಂಪನಿ ಸೇಠ್ ಶನಿವಾರ ಬರ್ತಾರ. ನೀ ಸುಮ್ಮನಿರು."

ಸುಮ್ಮನಿರು ಎಂಬ ಮಾತನ್ನು ಅವಳಿಗೆ ಹೇಳಿ ದಕ್ಕಿಸಿಕೊಂಡವರು ಕಡಿಮೆ.

ಶನಿವಾರ ಟಾಕೀಸಿನ ಅಂಗಳ ತುಂಬಿತ್ತು. ಕಂಪನಿಯ ಮಾಲೀಕ ಗಿರಿಧಾರಿ ಸೇಠ್ ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ. ಕುರ್ಚಿಯ ಮೇಲೆ ಅವನು, ಪಕ್ಕಕ್ಕೆ ಹಾರ ಹಿಡಿದ ಮಚ್ಛೇಂದ್ರ, ಹಿಂದೆ ಹೊಸ ಕೋಟು ಹೊಲಿಸಿಕೊಂಡ ಪಂಢರಿ. ಶ್ರೀಕಂಠಯ್ಯ ತನ್ನ ಟ್ರಂಕಿನ ಪಕ್ಕ ಒಬ್ಬನೇ ನಿಂತಿದ್ದ. ಹೆಂಗಸರು ಗೋಡೆಗೆ ಒತ್ತಿಕೊಂಡಿದ್ದರು.

"ನಮ್ಮ ಗಿರಾಕಿಗಳು ನಮಗೆ ದೇವರು" ಎಂದ ಸೇಠ್. "ನೀವು ಕೇಳಿದಿರಿ, ನಾನು ಕೊಟ್ಟೆ. ಈ ಮ್ಯಾನೇಜರನನ್ನು ಇವತ್ತೇ ತೆಗೆದೆ."

ಚಪ್ಪಾಳೆ ಬಿತ್ತು. ಮಚ್ಛೇಂದ್ರ ಹಾರ ಎತ್ತಿದ.

"ತಡೀರಿ" ಎಂದು ಶಾಲುಬಾಯಿ ನಡುವೆ ಬಂದಳು. "ಸೇಠ್‌ಜಿ, ಬಾಗಿಲ ಯಾವಾಗ ತೆಗೀತೀರಿ?"

"ಯಾವ ಬಾಗಿಲು?"

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳು ಶ್ರೀಕಂಠಯ್ಯನ ಕಡೆ ತಿರುಗಿದಳು. "ಇಟ್ಟಿಗಿ ಕಟ್ಟಿಸಿದ್ದು ಯಾರ್ರಿ? ನೀವೋ, ಇವರೋ?"

"ಯೋಚನೆ ನನ್ನದಮ್ಮ. ರುಜು ಇವರದು. ಕುರ್ಚಿ ಹಾಕಿದರೆ ಟಿಕೆಟ್ ದರ ಏರಿಸಬಹುದು ಅಂತ ಇವರು ಒಪ್ಪಿದ್ರು. ನಾನು ಮಾಡಿದ್ದು ಸರಿ ಅಂತಲೇ ನನಗೆ ಈಗಲೂ ಅನ್ನಿಸುತ್ತೆ" ಎಂದ ಅವನು.

"ಸರಿ ಇಲ್ಲ ಅದು. ಕತ್ತಲ್ಯಾಗ ಕೈ ಹಾಕಿಸಿಕೊಂಡವರು ನಾವು, ನೀವಲ್ಲ. ಹೋಗ್ರಿ ನೀವು, ನಾ ಅಡ್ಡ ಬರಲ್ಲ. ಖರೆ ಇವರು ರುಜು ಹಾಕಿ ಕುರ್ಚಿ ಮ್ಯಾಲೆ ಕುಂತು ಹಾರ ಹಾಕಿಸಿಕೊಳ್ಳೋದು ಯಾವ ನ್ಯಾಯ?" ಆಮೇಲೆ ಪಂಢರಿಯನ್ನು ಕೇಳಿದಳು, "ಏನಪಾ ಹೊಸಾ ಮ್ಯಾನೇಜರ, ನೀ ಹೇಳು. ಬಾಗಿಲ ತೆಗೀತಿ?"

ಪಂಢರಿ ಭಾವನ ಮುಖ ನೋಡಿದ. "ಅದು... ಈಗ ಕುರ್ಚಿ ಹಾಕಿ ಆಗ್ಯಾವ. ಮುಂದ ವಿಚಾರ ಮಾಡೋಣು."

"ನಮ್ಮವ ಬಂದಾನಲ್ಲ, ಸಾಕ ಮಾಡ ಶಾಲುಬಾಯಿ!" ಮಚ್ಛೇಂದ್ರ ಗದರಿದ. "ಗೆದ್ದೀವಿ!"

"ನೀ ಗೆದ್ದಿ. ನಿನ್ನ ಹೆಂಡತಿ ತಮ್ಮ ಗೆದ್ದ. ನಮ್ಮವ ಮುಚ್ಚಿದ ಬಾಗಿಲ ಅಂದ್ರ ಗೋಡಿ ತೂರಿ ಒಳಗ ಹೋಗಲಿಕ್ಕ ಬರ್ತದೇನೋ? ಈ ಮ್ಯಾನೇಜರನ ತಲಿ ತಗೊಂಡು ನಾವೇನ ಸಾರ ಮಾಡೋಣು? ಸೇಠ್‌ಜಿ, ಆ ಕಾಗದ ಕೊಡ್ರಿ ಇತ್ತ. ನನ್ನ ಹೆಬ್ಬೆಟ್ಟ ವಾಪಸ ಬೇಕು."

ಜನ ನಕ್ಕರು. ಒತ್ತಿದ ಹೆಬ್ಬೆಟ್ಟು ವಾಪಸು ಬರುತ್ತದೆಯೇ! ಸೇಠ್ ಕೂಡ ನಗುತ್ತಲೇ ಕಾಗದ ಚಾಚಿದ. ಆಗ ಗೋಡೆಯ ಕಡೆಯಿಂದ ಕಪ್ಪು ಬುರ್ಖಾ ಒಂದು ಎದ್ದು ಬಂತು. ಮುರ್ತುಜಾನ ಮುಖ ಬಿಳುಪಾಯಿತು. ನಡಿಗೆಯಿಂದಲೇ ಗುರುತು ಹಿಡಿದಿದ್ದ. ಹಮೀದುನ್ನಿಸಾ ಗಂಡನ ಜೇಬಿನ ಪೆನ್ನನ್ನೇ ತೆಗೆದುಕೊಂಡಳು. ಅರ್ಜಿ ಬರೆಯುವವರ ರೂಢಿಯಂತೆ ಕಾಗದದ ಪಕ್ಕಕ್ಕೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿತ್ತು. ಕಾಗದವನ್ನು ಸೇಠ್‌ನ ಕಾರಿನ ಮೂತಿಯ ಮೇಲೆ ಹಾಸಿ, ಶಾಲುಬಾಯಿ ಹೇಳಿದಂತೆ ಬರೆದಳು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಜನಾನಾದ ಬಾಗಿಲು ತೆರೆಯುವ ತನಕ ಈ ಹೆಬ್ಬೆಟ್ಟಿನವರ ಪೈಕಿ ಒಬ್ಬಳೂ ಟಿಕೆಟ್ ಕೊಳ್ಳುವುದಿಲ್ಲ, ಮನೆಯ ಗಂಡಸರಿಗೂ ಕೊಳ್ಳಗೊಡುವುದಿಲ್ಲ, ಮ್ಯಾನೇಜರ್ ಯಾರೇ ಇರಲಿ.

ಸೇಠ್‌ನ ನಗು ಅಲ್ಲಿಗೆ ನಿಂತಿತು. ಹಾರ ಮಚ್ಛೇಂದ್ರನ ಕೈಯಲ್ಲೇ ಉಳಿಯಿತು. ಶ್ರೀಕಂಠಯ್ಯ ಟ್ರಂಕು ಹೊತ್ತು ಸ್ಟೇಶನ್ನಿಗೆ ನಡೆದ. ಯಾರೂ ಅವನನ್ನು ಕಳಿಸಲು ಹೋಗಲಿಲ್ಲ, ಶಾಲುಬಾಯಿಯೂ ಹೋಗಲಿಲ್ಲ.

ಪಂಢರಿ ಮೊದಲ ಶುಕ್ರವಾರ ಬಂದೋಬಸ್ತಾಗಿ ಜಾಹೀರಾತಿಗೆ ಹೊರಟ. ಡೋಲು ಬಾರಿಸುತ್ತ, ಪೋಸ್ಟರು ಕಟ್ಟಿಕೊಂಡು ಓಣಿ ಓಣಿ ತಿರುಗುವುದು ಯೂಸುಫನ ಟಾಂಗಾ. ಅಡ್ಡೆಯಲ್ಲಿ ಶಾಲುಬಾಯಿ ಅವನ ಎದುರು ಹೊರೆಯ ಮೇಲೆ ಕೂತಿದ್ದಳು.

"ಯೂಸುಫ ಭಾಯಿ, ನಿನ್ನ ಕುದರಿಗಿ ನನ್ನ ಹುಲ್ಲ ಬೇಕೋ, ಟಾಕೀಸಿನ ಡೋಲ ಬೇಕೋ?"

"ಕುದರಿ ಏನ ತಪ್ಪ ಮಾಡ್ಯಾದ ಶಾಲು ಬೂಬೂ?"

"ಕುದರಿ ತಪ್ಪ ಮಾಡಿಲ್ಲ. ಅದಕ್ಕ ಅದನ್ನ ಕೇಳಲತ್ತಿಲ್ಲ, ನಿನ್ನ ಕೇಳಲತ್ತೀನಿ."

ಯೂಸುಫ ಪೋಸ್ಟರು ಬಿಚ್ಚಿದ. ಮನೆಯಲ್ಲಿ ಅವನ ಹೆಂಡತಿಯದೂ ಆ ಕಾಗದದಲ್ಲಿ ಹೆಬ್ಬೆಟ್ಟಿತ್ತು, ಅವಳಿಗೆ ಉತ್ತರ ಹೇಳುವುದು ಹಸಿದ ಕುದುರೆಯನ್ನು ಸಂಭಾಳಿಸುವುದಕ್ಕಿಂತ ಕಷ್ಟವಿತ್ತು.

ಮೂರರ ಆಟಕ್ಕೆ ಎಂಟು ಜನ ಬಂದರು. ಮುಂದಿನ ವಾರ ಐವರು. ಹೆಂಗಸರು ಇಟ್ಟಿಗೆ ಕಟ್ಟಿದ ಬಾಗಿಲ ಮುಂದೆ ಓಣಿಯಲ್ಲೇ ಕೂತು, ಹಳೆಯ ಪಿಕ್ಚರುಗಳ ಕಥೆಯನ್ನು ತಾವೇ ಹೇಳಿಕೊಂಡು ನಗುತ್ತಿದ್ದರು. ಒಳಗೆ ಕೂತ ಐವರಿಗೆ ಪಿಕ್ಚರಿನ ಮಾತು ಕೇಳದಷ್ಟು. ಔರಾದದ ಡೇರೆ ಮೂರನೆಯ ವಾರಕ್ಕೆ ಗಂಟು ಕಟ್ಟಿತು. ಮನೆಯಲ್ಲಿ ಮಾಣಿಕ ಕೇಳಿದ, "ಎಷ್ಟ ದಿನ ಇದು?" "ಕಲ್ಲ ಒಂದ ಏಟಿಗಿ ಒಡೀತದೇನು?" ಎಂದಳು. ಅವನು ಉಳಿ ಮಸೆಯಲು ಕೂತ.

ಏಳನೆಯ ಶುಕ್ರವಾರ ಗೌಂಡಿ ಬಂದು ಇಟ್ಟಿಗೆ ತೆಗೆದ. ಬಾಕು ಬಂದವು, ಪರದೆ ಬಂತು. ಪಂಢರಿ ಕೋಟು ಹಾಕಿಕೊಂಡು ಬಾಗಿಲ ಪಕ್ಕ ನಿಂತು, "ಬರ್ರಿ ಬರ್ರಿ ಅಕ್ಕನವರ, ಕಂಪನಿ ನಿಮ್ಮ ಮಾತ ಕೇಳ್ಯಾದ" ಎಂದ. ಹೆಂಗಸರು ನುಗ್ಗಲು ನೋಡಿದರು. ಶಾಲುಬಾಯಿ ಎರಡೂ ಕೈ ಚಾಚಿ ಹೊಸಿಲಿಗೆ ಅಡ್ಡ ನಿಂತಳು.

"ಪರದೆ ಯಾರ ಎಳೀತಾರ? ನೀ ಎಳೀತಿ, ಕೋಟಿನವ?"

"ಗೇಟಿನ ಹುಡುಗೋರು ಅದಾರಲ್ಲರಿ."

"ಅದ ಗಂಡಸರ ಕೈ ಮತ್ತ ಒಳಗ ತರ್ತೀ? ಮುನ್ನಿಬೀನ ಕರಸು. ಆಕಿ ನೌಕರಿ ಮೊದಲ, ನಮ್ಮ ಪಿಕ್ಚರ್ ಆಮ್ಯಾಲೆ."

ಒಳಗೆ ಆಟದ ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ. ಪಂಢರಿ ಬೆವರಿದ, ಆಫೀಸಿಗೆ ಓಡಿದ, ಹೈದರಾಬಾದಿಗೆ ಟ್ರಂಕ್ ಕಾಲ್ ಹಾಕಿ ಬಂದ. ಮುನ್ನಿಬೀಯನ್ನು ಕರೆಸುವಷ್ಟರಲ್ಲಿ ಪಿಕ್ಚರಿನ ಅರ್ಧ ಮುಗಿದಿತ್ತು. ಅವಳು ಬಂದು ಸ್ಟೂಲು ಎಳೆದು ಕೂತು, ತನ್ನ ಮುಂದಿನ ಸಾಲು ಸರಿಪಡಿಸಿ, ಒಂದೊಂದೇ ಟಿಕೆಟ್ ಹರಿಯತೊಡಗಿದಳು. ಎಲ್ಲರಿಗಿಂತ ಮುಂದೆ ನಿಂತ ಶಾಲುಬಾಯಿ ಏನೋ ಹೇಳಲು ಬಾಯಿ ತೆರೆದಳು.

"ಚಲ್ ಆಗೇ!" ಮುನ್ನಿಬೀ ಗದರಿದಳು. "ದರವಾಜೇ ಮೇ ನಕ್ಕೋ ಖಡೀ ರಹ್. ಬಾಗಿಲದಾಗ ನಿಂದರಬ್ಯಾಡ, ಹಿಂದ ಮಂದಿ ಅದಾರ."