ಕೈಚೀಲದ ಅಳತೆಗೊಂದು ಪಿಸ್ತೂಲು

ಇವತ್ತು ಹೊಲಿಗೆಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಅಮೆರಿಕದ ನಮ್ಮ ಈ ಡುಲುತ್‌ನ ಬಂದೂಕಿನ ಅಂಗಡಿ ನೆನಪಾಯಿತು. ಅಲ್ಲಿಯೂ ಇದೇ ವಾಸನೆ. ದೇವರ ಪಟಕ್ಕೆ ಹೂವಿಡುವ ಹೆಂಗಸಿಗೆ ಅಲ್ಲೇನು ಕೆಲಸ ಎನ್ನುತ್ತೀರಿ. ಹೇಳುತ್ತೇನೆ, ನಗಬೇಡಿ.

ನಮಗೆ ಗ್ರೀನ್ ಕಾರ್ಡ್ ಬಂದ ವರ್ಷವೇ ಯಜಮಾನರಿಗೆ ಕಾರಿನಲ್ಲಿ ಗಂಟೆಗಟ್ಟಲೆ ದೂರದ ಬ್ಯಾಲಂಟೈನ್‌ನಲ್ಲಿ ಕೆಲಸವಾಯಿತು. ವಾರವಿಡೀ ಅಲ್ಲಿ, ಶನಿವಾರ ಭಾನುವಾರ ಇಲ್ಲಿ. ಒಂದು ಸಂಜೆ ಯಾರೋ ನಮ್ಮ ಬಾಗಿಲಿನ ಹಿಡಿ ತಿರುಗಿಸಿ ನೋಡಿ ಹೋದರು. ಮನೆ ತಪ್ಪಿ ಬಂದವರೇ ಇರಬಹುದು. ಬೀಗ ಹಾಕಿತ್ತು, ದೇವರು ದೊಡ್ಡವನು. ಆದರೆ ಆಮೇಲೆ ಫ್ರಿಜ್ ಗುರ್ ಎಂದರೂ ಬೆಚ್ಚುತ್ತಿದ್ದೆ.

"ಒಂದು ಗನ್ ತಗೊಂಡ್ಬಿಡು, ಬ್ಯಾಗಲ್ಲಿರುತ್ತೆ," ಎಂದರು ಯಜಮಾನರು ಫೋನಿನಲ್ಲಿ, ಕುಕ್ಕರಿಗೆ ಗ್ಯಾಸ್ಕೆಟ್ ತರಲು ಹೇಳಿದ ಹಾಗೆ.

ಗೆಳತಿ ಶೈಲಾ ಜೊತೆಗೆ ಬಂದಳು. ಧಾರವಾಡದವಳು, ಡಾಕ್ಟರು, ಗುಂಡು ಹಾರಿಸುವುದನ್ನು ಕಲಿತವಳು. ಅಂಗಡಿಯಾಕೆ ಖಾಲಿ ಪಿಸ್ತೂಲೊಂದನ್ನು ನನ್ನ ಕೈಗಿತ್ತಳು. ವರ್ಷವರ್ಷವೂ ಆಯುಧಪೂಜೆ ಮಾಡಿದ ಕೈ. ಎರಡೂ ಕೈಯಲ್ಲಿ ಹಿಡಿದು ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

"ಅಯ್ಯ, ಏನ್ ಮಾಡ್ಲಿಕ್ಕತ್ತೀರಿ ವೈನಿ!" ಶೈಲಾ ಕಿರುಚಿದಳು. "ಖಾಲಿ ಇದ್ರೂ ಅದನ್ನ ಮಾರಿ ಕಡೆ ಹಿಡೀಬಾರ್ದು! ಕೆಳಗ ಇಡ್ರಿ!"

ಅಂಗಡಿಯಾಕೆ ಬಿಳಿಚಿಕೊಂಡಿದ್ದಳು. ಅದು ನಮಸ್ಕಾರ ಎಂದು ಆಕೆಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನಾನು ಬೆವತುಹೋದೆ.

ಹಿಂದಿನ ಕೋಣೆಯಲ್ಲಿ ಹಾರಿಸಿ ನೋಡಲು ಬಿಟ್ಟರು. ಅಂಗೈಯಷ್ಟಿದ್ದದ್ದು ಕೈಚೀಲಕ್ಕೆ ಮುದ್ದಾಗಿ ಕೂತಿತು, ಹಾರಿಸಿದರೆ ಕತ್ತೆಯ ಹಾಗೆ ಒದೆಯಿತು. ಗುಂಡು ಗುರಿಯ ಕಾಗದಕ್ಕೂ ತಾಗಲಿಲ್ಲ. ದೊಡ್ಡದು ಗುರಿಗೆ ಬಡಿಯಿತು, ಆದರೆ ಚೀಲದಲ್ಲಿಟ್ಟರೆ ರುಬ್ಬುಗುಂಡು ಹೊತ್ತಂತೆ.

"ನಡುವಿಂದು ತಗೋರಿ," ಎಂದಳು ಶೈಲಾ. "ಮುಷ್ಟಿಯೊಳಗ ಸರಿ ಕೂಡಬೇಕು, ಟ್ರಿಗರಿಗೆ ಬೆರಳು ಆರಾಮ ಮುಟ್ಟಬೇಕು, ಹೊಸಬ್ರಿಗೆ ಅಷ್ಟ ಸಾಕು. ಆದ್ರ ಅದು ದಿನಾ ನಿಮ್ಮ ಜೋಡಿ ಇರಬೇಕ್ರಿ. ಇವತ್ತ ಅದ, ನಾಳೆ ಇಲ್ಲ ಅಂದ್ರ ನಡಿಯೂದಿಲ್ಲ."

ದಿನಾ ಜೋಡಿ. ಆ ಮಾತು ಎಲ್ಲಿಗೋ ಹೋಗಿ ತಾಗಿತು. ನಡುವಿನದು ನನ್ನ ಮುಷ್ಟಿಗೆ ಹೇಳಿ ಮಾಡಿಸಿದಂತಿತ್ತು. ಆದರೂ ಅದನ್ನು ಅಂಗಡಿಯ ಗಾಜಿನ ಕೌಂಟರಿನ ಮೇಲೆ ಮೆಲ್ಲಗೆ ಇಟ್ಟು ಬಂದುಬಿಟ್ಟೆ.

ಸಂಜೆ ಯಜಮಾನರಿಗೆ ಹೇಳಿದೆ: "ಬೇಡ ರೀ. ನನಗಿರೋದು ಕಳ್ಳನ ಭಯ ಅಲ್ಲ. ಮನೇಲಿ ಮಾತಾಡೋಕೆ ಯಾರೂ ಇಲ್ಲ."

ಆ ಕಡೆ ಟಿವಿ ಆರಿಸಿದ ಸದ್ದಾಯಿತು.

"ಊಟ ಆಯ್ತಾ?" ಎಂದರು.

"ಇಲ್ಲ."

"ನಂದೂ ಇಲ್ಲ. ತಟ್ಟೆ ಹಾಕ್ಕೋ. ಫೋನ್ ಇಡಬೇಡ."

ಅವರ ಕೆಲಸ ಇನ್ನೂ ಅಲ್ಲೇ ಇದೆ. ಸಂಜೆಗಳೂ ಅಷ್ಟೇ ಉದ್ದ. ಆದರೆ ದೇವರ ದಯೆ, ಈಗ ಅಲ್ಲಿ ಅವರು, ಇಲ್ಲಿ ನಾನು ಒಟ್ಟಿಗೇ ಊಟಕ್ಕೆ ಕೂರುತ್ತೇವೆ. ಅವರು ಮೊಸರನ್ನಕ್ಕೆ ಬಂದಾಗ ನಾನಿನ್ನೂ ಸಾರನ್ನದಲ್ಲಿರುತ್ತೇನೆ. ನಿಲ್ಲಿ ಎಂದರೆ ನಿಲ್ಲುತ್ತಾರೆ.