ಮೊದಲು ನರಸಮ್ಮನಿಗೆ ಬಂದ ನೋವು

ಒಬ್ಬರ ನೋವು ಇನ್ನೊಬ್ಬರ ಮೈಗೆ ಬರುತ್ತದೆ ಎಂದರೆ ನಾನು ಮೊದಲೆಲ್ಲ ನಕ್ಕುಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ ಕಥೆಗೂ ಹಾಗೇ ನಕ್ಕು ಬೆಂಚಿನ ಮೇಲೆ ನಿಂತವಳು. ಅದು ಆದಿ ಕ್ರೈಸ್ತರ ಕಾಲದ ಕಥೆ. ನಂಬಿಕೆ ಬಿಡದ್ದಕ್ಕೆ ಮರಣದಂಡನೆಯಾಗಿ ಸೆರೆ ಸೇರಿದವರಲ್ಲಿ ಒಬ್ಬಳು ತುಂಬು ಗರ್ಭಿಣಿ, ದಾಸಿ. ಗರ್ಭಿಣಿಯನ್ನು ಕೊಲ್ಲುವಂತಿಲ್ಲ; ಜೊತೆಯವರೆಲ್ಲ ಹೋದ ಮೇಲೆ ಒಬ್ಬಳೇ ಸಾಯಬೇಕಲ್ಲ ಎಂಬುದೇ ಅವಳ ಸಂಕಟ. ಒಡತಿ, ಆಳು ಎನ್ನದೆ ಎಲ್ಲರೂ ಒಟ್ಟಾಗಿ, ಅವಳಿಗೆ ಬೇಗ ಹೆರಿಗೆಯಾಗಲಿ ಎಂದು ಪ್ರಾರ್ಥಿಸಿದರು. ಆಗಲೇ ಅವಳಿಗೆ ಹೆರಿಗೆ ನೋವು ಬಂತಂತೆ.

ಕೆಲವು ವರ್ಷಗಳ ಹಿಂದೆ ನಾನೇ ಶಿರಾದ ಆಸ್ಪತ್ರೆಯೊಂದರಲ್ಲಿ ಮಲಗಿದ್ದೆ. ದಿನ ತುಂಬಿ ವಾರವಾದರೂ ನೋವಿಲ್ಲ. ಮಗುವಿನ ಸುತ್ತ ನೀರು ಕಡಿಮೆಯಾಗಿದೆ, ಮಧ್ಯಾಹ್ನದವರೆಗೆ ನೋಡಿ ತುಮಕೂರಿಗೆ ಕಳಿಸುತ್ತೇನೆ ಎಂದರು ಡಾಕ್ಟರು. ಮಗು ಉಳಿದೀತೋ ಇಲ್ಲವೋ ಎಂದು ನಾನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ.

ಪಕ್ಕದ ಹಾಸಿಗೆಯಲ್ಲಿ ಗೌಡಗೆರೆಯ ನರಸಮ್ಮ, ಹಿಂದಿನ ದಿನ ಹೆತ್ತವಳು. ಅವಳಾಚೆ ಅತ್ತಿಗೆಯ ಬಾಣಂತನಕ್ಕೆ ಬಂದಿದ್ದ ಮುಮ್ತಾಜ್, ಇನ್ನೂ ಮದುವೆಯಾಗದ ಹುಡುಗಿ.

"ಗಂಟಿದ್ರೆ ನೋವು ಬರಾಕಿಲ್ಲ, ಎಲ್ಲಾ ಬಿಚ್ರಮ್ಮ!" ಎಂದು ನರಸಮ್ಮ ವಾರ್ಡಿನವರ ಜಡೆ, ಊಟದ ಬುಟ್ಟಿಯ ಬಟ್ಟೆ, ಕಡೆಗೆ ನರ್ಸಿನ ಷೂ ದಾರವನ್ನೂ ಬಿಚ್ಚಿಸಿದಳು. ಆದರೂ ನೋವಿಲ್ಲ. "ಕಾನ್ವೆಂಟಾಗೆ ಓದಿದ್ದೀಯ, ಅಲ್ಲಿ ಏನೂ ಹೇಳ್ಕೊಡ್ನಿಲ್ವ?" ಎಂದಳು. ನಾನು ಆ ಕಥೆ ಹೇಳಿದೆ.

"ಅಷ್ಟೇನಾ? ಕೇಳಾನ ಬುಡು," ಎಂದು ನನ್ನ ಒಂದು ಕೈ ಹಿಡಿದಳು. ಇನ್ನೊಂದನ್ನು ಮುಮ್ತಾಜ್ ಹಿಡಿದಳು. ಅವಳ ಅಂಗೈಯಲ್ಲಿ ಬೆಳ್ಳುಳ್ಳಿ ಸುಲಿದ ವಾಸನೆ. ಅವರವರ ದೇವರನ್ನು ಅವರವರು ಕರೆದರು.

ನೋವು ಬಂತು. ನನಗಲ್ಲ, ನರಸಮ್ಮನಿಗೆ!

"ಅಯ್ಯೋ ನರಸಿಂಹಪ್ಪಾ, ನಂದು ನಿನ್ನೇನೇ ಆಗೋಯ್ತಲ್ಲೋ! ಅಡ್ರೆಸ್ ತಪ್ಪೋಯ್ತಲ್ಲೋ!"

ವಾರ್ಡಿಗೆ ವಾರ್ಡೇ ನಕ್ಕಿತು. ನಗುತ್ತಿದ್ದ ಮುಮ್ತಾಜ್ ತಾನೂ ಸೊಂಟ ಹಿಡಿದು, "ಯಾ ಅಲ್ಲಾ!" ಎಂದು ಕುಸಿದಳು. ಅದರ ಬೆನ್ನಿಗೇ ನನಗೆ ಬಂತು.

ನನ್ನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ಪ್ರತಿ ಸಲವೂ ಹೊರಗೆ ಮೊದಲು ಅವರಿಬ್ಬರ ಕೂಗು, ಆಮೇಲೆ ನನ್ನದು. "ಅವರು ಕೂಗಿದ್ರು, ರೆಡಿಯಾಗಮ್ಮ," ಎನ್ನತೊಡಗಿದಳು ನರ್ಸ್. ಹನ್ನೆರಡಕ್ಕೆ ಮೊದಲೇ ಮಗಳು ಹುಟ್ಟಿದಳು, ಗಟ್ಟಿ ಗಂಟಲಿನವಳು.

ಹೆತ್ತವರಿಗೆ ಮಾರನೆಯ ದಿನವೂ ಹೊಟ್ಟೆ ಹಿಂಡುವುದುಂಟು, ನರಸಮ್ಮನದು ಅದೇ ಎಂದರು ಡಾಕ್ಟರು. "ಮುಮ್ತಾಜಳದು?" ಎಂದೆ. ಅವರು ಕನ್ನಡಕ ಒರೆಸಿಕೊಂಡು ಮುಂದಿನ ಹಾಸಿಗೆಗೆ ಹೋದರು. ನನಗೂ ಇವತ್ತಿಗೂ ಗೊತ್ತಾಗಿಲ್ಲ.

ಸಂಜೆ ನರ್ಸ್ ಫಾರಂ ಹಿಡಿದು, "ತಾಯಿ ಹೆಸರು?" ಎಂದಳು.

"ಮೂರ್ ಗೆರೆ ಬುಡವ್ವ, ಒಂದು ಸಾಲಾಕಿಲ್ಲ," ಎಂದಳು ನರಸಮ್ಮ.

ನರ್ಸ್ ನಕ್ಕು ನನ್ನ ಹೆಸರೊಂದನ್ನೇ ಬರೆದಳು. ಅದು ಪೂರ್ತಿ ಸರಿ ಎಂದು ಹೇಳಲು ನನಗೆ ಧೈರ್ಯವಿಲ್ಲ.